ಹೆಡ್ಡಿನೊಳಗೆ ಮುರಿದ ಸ್ಟಡ್ಡನ್ನು ವೆಲ್ಡಿಂಗ್ ಮಾಡಿ ತೆಗೆದ ಬಗೆ

ಬೈಕ್ ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ಡಿನಲ್ಲಿ (ಸಿಲಿಂಡರಿನ ಮೇಲ್ಮುಚ್ಚಳದಲ್ಲಿ) ಮುರಿದು ಕೂತ ಸ್ಟಡ್ಡನ್ನು, ಅಂದರೆ ತಲೆಯಿಲ್ಲದ ಬೋಲ್ಟನ್ನು, ಹೆಡ್ ಬಿಚ್ಚದೆಯೇ ವೆಲ್ಡಿಂಗ್ ಮಾಡಿ ತೆಗೆಯುತ್ತೇನೆಂದಾಗ, ನಮ್ಮೂರಿನ ಅನುಭವಿ ಮೆಕ್ಯಾನಿಕ್‌ಗಳೂ ಲೇತ್ ಅಂಗಡಿಯವರೂ ಹೆಡ್ ಕರಗಿ ಹಾಳಾಗುತ್ತದೆ ಎಂದೇ ಹೇಳಿದ್ದರು. ಸ್ಟಡ್ಡು ಇಡಿಯಾಗಿ ಹೊರಬಂದಿದೆ, ಹೆಡ್ಡಿನ ಥ್ರೆಡ್ಡಿಗೆ ಒಂದು ಗೀರೂ ಬಿದ್ದಿಲ್ಲ.

ಗಾಡಿ ಹಳೆಯ ಸ್ಪ್ಲೆಂಡರ್. ಕುಂದಾಪುರದ ಕಡೆ ಕಡಲ ಗಾಳಿಗೆ ನಿಲ್ಲುವ ಗಾಡಿಗಳಲ್ಲಿ ಸೈಲೆನ್ಸರನ್ನು ಹೆಡ್ಡಿಗೆ ಹಿಡಿದಿಡುವ ಸ್ಟಡ್ಡುಗಳ ಗತಿ ಎಲ್ಲರಿಗೂ ಗೊತ್ತಿರುವುದೇ: ಉಕ್ಕು ತುಕ್ಕು ಹಿಡಿಯುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಥ್ರೆಡ್ಡನ್ನು ಕಚ್ಚಿಕೊಳ್ಳುತ್ತದೆ. ಇಲ್ಲಿ 6 ಎಂಎಂ ಸ್ಟಡ್ಡು ಹೆಡ್ಡಿನ ಮಟ್ಟಕ್ಕಿಂತ ಸುಮಾರು 1 ಎಂಎಂ ಒಳಗೆ ತುಂಡಾಗಿತ್ತು. ವೈಸ್ ಗ್ರಿಪ್ಪಿಗೆ ಹಿಡಿಯಲು ಏನೂ ಉಳಿದಿರಲಿಲ್ಲ.

ಮೊದಲು ಮುನ್ನೂರು ಚಿಲ್ಲರೆ ರೂಪಾಯಿ ಕೊಟ್ಟು, ಮುರಿದ ಬೋಲ್ಟಿನ ತೂತಿನೊಳಗೆ ಕಚ್ಚಿ ತಿರುಗಿಸುವ ಈಸಿ-ಔಟ್ ಸೆಟ್ ತಂದೆ. ನಡುವೆ ತೂತು ಕೊರೆದು ತಿರುಗಿಸಿದಾಗ ಅದು ತೂತಿನೊಳಗೇ ಜಾರಿತು, ಸ್ಟಡ್ಡು ಮಿಸುಕಲಿಲ್ಲ. ಬಲ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿದೆ, ಏಕೆಂದರೆ ಗಟ್ಟಿ ಉಕ್ಕಿನ ಈಸಿ-ಔಟ್ ಒಳಗೆ ಮುರಿದರೆ ಆಮೇಲೆ ಸಾಮಾನ್ಯ ಎಚ್‌ಎಸ್‌ಎಸ್ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಎಡಕ್ಕೆ ತಿರುಗುತ್ತಾ ಕೊರೆಯುವ ಡ್ರಿಲ್ ಬಿಟ್ಟಿಗೆ ಮತ್ತೆ ನೂರೈವತ್ತು ರೂಪಾಯಿ ಹೋಯಿತು, ಅದೂ ಫಲ ಕೊಡಲಿಲ್ಲ. ಲೇತ್ ಅಂಗಡಿಯಲ್ಲಿ ಹೆಡ್ ಬಿಚ್ಚಿ, ಕೊರೆದು, ಹೆಲಿಕಾಯಿಲ್ (ಹೊಸ ಥ್ರೆಡ್ಡಾಗುವ ತಂತಿ ಸುರುಳಿ) ಹಾಕಿ, ಗ್ಯಾಸ್ಕೆಟ್ ಸಮೇತ ಎರಡೂವರೆ ಸಾವಿರದ ಹತ್ತಿರ ಕೇಳಿದರು.

ಈ ನಡುವೆ ಒಂದು ಪರೀಕ್ಷೆಯನ್ನೂ ಮಾಡಿ ನೋಡಿದೆ. ಮೀನುಗಾರಿಕೆ ಬೋಟಿನಿಂದ ಬಿಚ್ಚಿ ಎಸೆದ ತುಕ್ಕು ಬೋಲ್ಟುಗಳನ್ನು ತಂದು ಕೆಲವನ್ನು ಸೀಮೆಎಣ್ಣೆಯಲ್ಲಿ, ಕೆಲವನ್ನು ಅಸಿಟೋನ್ ಮತ್ತು ಗೇರ್ ಆಯಿಲ್ ಸಮಸಮ ಬೆರೆಸಿದ್ದರಲ್ಲಿ ರಾತ್ರಿಯಿಡೀ ನೆನೆಸಿದೆ. ಮಿಶ್ರಣ ಬೇಗ ಬೇರ್ಪಡುವುದರಿಂದ ಆಗಾಗ ಕುಲುಕಬೇಕು, ಆದರೂ ಸೀಮೆಎಣ್ಣೆಗಿಂತ ಅದೇ ಮೇಲು. ಇವೆರಡಕ್ಕಿಂತಲೂ ಚೆನ್ನಾಗಿ ಕೆಲಸ ಮಾಡಿದ್ದು ಬೋಲ್ಟನ್ನು ಕಾಯಿಸಿ ಬುಡಕ್ಕೆ ಮುಟ್ಟಿಸಿದ ಮೇಣದ ಬತ್ತಿ. ಸಡಿಲಿಸುವ ಮುಖ್ಯ ಕೆಲಸ ಶಾಖದ್ದೇ ಎಂದು ನನಗೆ ಖಚಿತವಾದದ್ದು ಅಲ್ಲಿಯೇ.

ಪೆಟ್ರೋಲ್ ಟ್ಯಾಂಕನ್ನೂ ಕಾರ್ಬುರೇಟರನ್ನೂ ಕಳಚಿ ದೂರ ಇಟ್ಟು, ಬ್ಯಾಟರಿ ವೈರನ್ನೂ ಸಿಡಿಐ (ಇಗ್ನಿಷನ್ ಯೂನಿಟ್) ಕಪ್ಲರನ್ನೂ ಬಿಚ್ಚಿ, ಅರ್ತ್ ಕ್ಲಾಂಪನ್ನು ಹೆಡ್ಡಿಗೇ ಹತ್ತಿರದಲ್ಲಿ ಹಾಕಿದೆ; ಕರೆಂಟು ಕ್ರ್ಯಾಂಕಿನ ಬೇರಿಂಗ್ ಮೂಲಕ ಹರಿಯಬಾರದು. ನನ್ನ ಇನ್ವರ್ಟರ್ ವೆಲ್ಡಿಂಗ್ ಮಷಿನ್ನನ್ನು ಸುಮಾರು 75 ಆಂಪ್ಸಿಗೆ ಇಟ್ಟು, 2.5 ಎಂಎಂ ರಾಡಿನಿಂದ ಸ್ಟಡ್ಡಿನ ಮುಖದ ಮೇಲಷ್ಟೇ ಎರಡು ಮೂರು ಸೆಕೆಂಡು ಹೊಡೆದು ನಿಲ್ಲಿಸಿ, ವೆಲ್ಡಿನ ಮೇಲೆ ಕೂರುವ ಸ್ಲ್ಯಾಗ್ ಪದರವನ್ನು ಕೆರೆದು ಮತ್ತೆ ಹೊಡೆಯುತ್ತಾ, ಲೋಹದ ಗುಬಟು ಹೆಡ್ಡಿನ ಮಟ್ಟಕ್ಕಿಂತ ಮೇಲೆ ಬರುವವರೆಗೆ ಬೆಳೆಸಿದೆ. ಉಕ್ಕಿನ ವೆಲ್ಡು ಅಲ್ಯೂಮಿನಿಯಂಗೆ ಬೆಸೆಯುವುದಿಲ್ಲ, ಹೆಡ್ಡಿನ ದಪ್ಪ ಭಾಗ ಶಾಖವನ್ನು ಎಳೆದುಕೊಳ್ಳುತ್ತದೆ, ಅಂಚು ಕರಗಲಿಲ್ಲ. ಒಳಗಿನ ಗೋಡೆಗೆ ಆರ್ಕ್ ತಾಗದಂತೆ ಕಾಯಲು ನಾನು ಮಾಡಿಕೊಂಡ ಒಂದು ಉಪಾಯವಿದೆ, ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬಳಿಕ ಒಂದು ವಾಷರ್, ಅದರ ಮೇಲೆ 8 ಎಂಎಂ ನಟ್ಟು. 6 ಎಂಎಂ ನಟ್ಟು ಹಾಕಿದರೆ ರಾಡಿನ ತುದಿ ಆಳಕ್ಕೆ ಇಳಿಯುವುದೇ ಇಲ್ಲ, ನನ್ನ ಮೊದಲೆರಡು ನಟ್ಟುಗಳು ಕಿತ್ತುಬಂದದ್ದು ಅದಕ್ಕೇ. ನಟ್ಟಿನ ಸತುವಿನ ಲೇಪವನ್ನು ಗ್ರೈಂಡರಿನಲ್ಲಿ ತೆಗೆಯಲೇಬೇಕು, ಅದರ ಹೊಗೆ ಬಹಳ ಕೆಟ್ಟದ್ದು. ನಟ್ಟಿನ ತೂತನ್ನು ಒಳಗಿನಿಂದ ವೆಲ್ಡು ಹೊಡೆದು ತುಂಬಿ, ಕೆಂಪು ಆರಿದ ತಕ್ಷಣ ಬುಡಕ್ಕೆ ಮೇಣ ಮುಟ್ಟಿಸಿ, 13ರ ಪಾನಾದಿಂದ ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಬಿಚ್ಚುವ ಕಡೆಗೆ ಕೂದಲೆಳೆಯಷ್ಟು ಆಡಿಸಿದೆ. ಕಿರ್ ಎಂಬ ಸದ್ದಿನೊಂದಿಗೆ ಅದು ಕದಲಿತು. ಕಾಲು ಸುತ್ತು ಬಂದಾಗ ಅದರ ಅರ್ಧದಷ್ಟು ಹಿಂದಕ್ಕೆ ಒಯ್ಯುತ್ತಾ, ಬಿಳಿ ಪುಡಿ ಅಂಟಿದ ಇಡೀ ತುಂಡನ್ನು ಹೊರತೆಗೆದೆ.

ಥ್ರೆಡ್ ಕೊರೆಯುವ ಟ್ಯಾಪಿನಿಂದ ಹೆಡ್ಡಿನ ಥ್ರೆಡ್ ಶುಚಿಮಾಡಿ, ಹೊಸ ಸ್ಟಡ್ಡಿಗೆ ಕಾಪರ್ ಗ್ರೀಸ್ ಹಚ್ಚಿ, ಹಿತ್ತಾಳೆ ನಟ್ಟು ಹಾಕಿದ್ದೇನೆ. ಈ ಕ್ರಮಕ್ಕೆ ತಗುಲಿದ್ದು ರಾಡು, ನಟ್ಟು, ಸ್ಟಡ್ಡು ಸೇರಿ ನೂರೈವತ್ತರೊಳಗೆ. ಹೆಡ್ ಕರಗುತ್ತದೆ ಎಂದಿದ್ದ ಮೆಕ್ಯಾನಿಕ್‌ಗಳಲ್ಲಿ ಒಬ್ಬರು ಮೊನ್ನೆ ಗಿರಾಕಿಯ ಗಾಡಿಯೊಂದನ್ನು ಇದೇ ಕೆಲಸಕ್ಕೆ ನನ್ನ ಶೆಡ್ಡಿಗೆ ತಂದು ನಿಲ್ಲಿಸಿದ್ದಾರೆ.