ತೊಳೆದಿಟ್ಟ ಹಾಲಿನ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಕಸದ ಆಟೋ ಸದ್ದು ಕೇಳುತ್ತದೆ. ನೀವು ಒಂದು ಕೈಯಲ್ಲಿ ಹಸಿ ಕಸ, ಇನ್ನೊಂದು ಕೈಯಲ್ಲಿ ಒಣ ಕಸ ಹಿಡಿದು ಗೇಟಿಗೆ ಓಡುತ್ತೀರಿ. ಕಣ್ಣೆದುರೇ ಎರಡೂ ಒಂದೇ ಕಡೆ ಬೀಳುತ್ತವೆ. ಮನಸ್ಸಿಗೆ ಕಸಿವಿಸಿ ಆಗುತ್ತದೆ. ನಿನ್ನೆ ರಾತ್ರಿ ಸಿಂಕ್ ಮುಂದೆ ನಿಂತು ಪ್ಯಾಕೆಟ್ ತೊಳೆದದ್ದು ಸುಮ್ನೆ ಆಯಿತಲ್ಲ ಅನ್ನಿಸುತ್ತದೆ.

ನನಗೂ ಹಾಗೇ ಅನ್ನಿಸಿತ್ತು. ಒಂದಷ್ಟು ತಿಂಗಳು ವಿಂಗಡಿಸುವುದನ್ನು ಬಿಟ್ಟೂಬಿಟ್ಟಿದ್ದೆ. ಆಮೇಲೊಂದು ದಿನ ನಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋಗಿ ಒಂದು ಗಂಟೆ ನಿಂತೆ. ಅಲ್ಲಿ ಹೆಂಗಸರು ನೆಲದ ಮೇಲೆ ಕೂತು ಒಂದೊಂದೇ ಚೀಲ ಬಿಚ್ಚುತ್ತಿದ್ದರು. ಒಂದು ಚೀಲದಲ್ಲಿ ರಟ್ಟು, ಬಾಟಲಿ, ಪೇಪರ್ ಎಲ್ಲ ಒಣಗಿ ಚೆನ್ನಾಗಿದ್ದವು. ಎರಡೇ ನಿಮಿಷದಲ್ಲಿ ಖಾಲಿ ಆಯಿತು. ಮುಂದಿನ ಚೀಲ ಬಿಚ್ಚಿದಾಗ ಹಳಸಿದ ಸಾರು ಅವರ ಕೈಮೇಲೆ ಹರಿಯಿತು. ಒಳಗಿದ್ದ ಪೇಪರೆಲ್ಲ ಮುದ್ದೆ. ಆ ಚೀಲದಲ್ಲಿ ಮಾರಲು ಬರುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಎರಡೂ ಚೀಲ ನಮ್ಮಂಥ ಮನೆಗಳಿಂದಲೇ ಬಂದವು.

ಹಾಗಾದರೆ ಮನೆಯಲ್ಲಿ ವಿಂಗಡಿಸಿ ಲಾಭ ಇದೆಯೇ? ಇದೆ. ಆದರೆ ಎಲ್ಲಾ ವಸ್ತುವಿಗೂ ಒಂದೇ ಥರ ಇಲ್ಲ. ಹಸಿ ಕಸ ಬೇರೆ ಇಡುವುದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇದೆ. ಪೇಪರ್, ರಟ್ಟು, ಲೋಹ, ಹಾಲಿನ ಪ್ಯಾಕೆಟ್, ನೀರಿನ ಬಾಟಲಿಗಳಲ್ಲಿ ಚೆನ್ನಾಗಿ ಇದೆ. ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಥರ್ಮೋಕೋಲ್‌ಗಳಲ್ಲಿ ತೀರಾ ಕಡಿಮೆ.

ಬೆರೆತ ಕಸ ಯಾರ ಊರಿಗೆ ಹೋಗುತ್ತದೆ?

ಬೆಂಗಳೂರಿನಲ್ಲಿ ದಿನಕ್ಕೆ ಸಾವಿರಾರು ಟನ್ ಕಸ ಹುಟ್ಟುತ್ತದೆ. ಬೆರೆತುಹೋದ ಕಸ ಆಟೋದಿಂದ ಕಾಂಪ್ಯಾಕ್ಟರ್ ಲಾರಿಗೆ ಹೋಗುತ್ತದೆ. ಅಲ್ಲಿ ಅದನ್ನು ಒತ್ತಿ ತುಂಬುತ್ತಾರೆ. ಒಮ್ಮೆ ಹಾಗೆ ಒತ್ತಿದ ಮೇಲೆ ಬೇರೆ ಮಾಡುವುದು ಬಹಳ ಕಷ್ಟ. ಅಲ್ಲಿಂದ ಊರಾಚೆ.

ಊರಾಚೆ ಅಂದರೆ ಅದು ಇನ್ನೊಬ್ಬರ ಊರು. ಯಲಹಂಕದ ಆಚೆಯ ಮಾವಳ್ಳಿಪುರದವರು ಹೋರಾಡಿ 2012ರಲ್ಲಿ ಕಸ ನಿಲ್ಲಿಸಿದರು. ಹೊರೆ ಮಂಡೂರಿನ ಮೇಲೆ ಬಿತ್ತು. ಅವರೂ ರಸ್ತೆಗೆ ಇಳಿದರು. 2014ರ ಕೊನೆಗೆ ಅಲ್ಲಿಗೂ ಲಾರಿ ಹೋಗುವುದು ನಿಂತಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಹಳೆಯ ಕಲ್ಲು ಕ್ವಾರಿಗಳು ತುಂಬತೊಡಗಿದವು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳವರೂ ಬೆಂಗಳೂರಿನ ಕಸ ಬೇಡ ಅಂತ ಧರಣಿ ಕೂತಿದ್ದಾರೆ. ಕುಡಿಯುವ ನೀರು ಕೆಟ್ಟಿತು, ನೊಣಗಳಿಂದ ಊಟ ಮಾಡಲು ಆಗುವುದಿಲ್ಲ ಅನ್ನುವುದು ಈ ಊರುಗಳವರ ದೂರು.

ಇದು ರಾಜಧಾನಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡವೇ ಜಾರಿತು. ಕೆಳಗಿದ್ದ ಮಂದಾರ ಅನ್ನುವ ಊರಿನ ಮನೆಗಳು, ಅಡಿಕೆ ತೆಂಗಿನ ತೋಟಗಳ ಮೇಲೆ ಕಸ ಹರಿಯಿತು. ಜನ ತಾವು ಹುಟ್ಟಿ ಬೆಳೆದ ಮನೆ ಬಿಟ್ಟು ಹೋಗಬೇಕಾಯಿತು.

ಇಲ್ಲಿ ಎಲ್ಲಕ್ಕೂ ಮೂಲ ಹಸಿ ಕಸ. ಅನ್ನ, ಸಿಪ್ಪೆ, ಸೊಪ್ಪಿನ ದಂಟು ಗಾಳಿಯಿಲ್ಲದೆ ರಾಶಿಯೊಳಗೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಜಾಸ್ತಿ. ಕಸದ ಗುಡ್ಡಕ್ಕೆ ಬೆಂಕಿ ಹತ್ತುವುದಕ್ಕೂ ಅದೇ ಕಾರಣ. ಕೊಳೆತಾಗ ಇಳಿಯುವ ಕಪ್ಪು ರಸ ಮಣ್ಣಿಗೆ, ಬಾವಿಗೆ ಸೇರುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ಬುಟ್ಟಿಯಲ್ಲಿದ್ದರೆ ಗೊಬ್ಬರ ಆಗುತ್ತದೆ.

ಹೆಜ್ಜೆ 1: ಒಂದು ವಾರ ತೂಗಿ ನೋಡಿ

ಏನನ್ನೂ ಕೊಳ್ಳುವ ಮೊದಲು ಇದನ್ನು ಮಾಡಿ. ಹಸಿ ಕಸ, ಒಣ ಕಸ, ಉಳಿದದ್ದು ಅಂತ ಮೂರು ಕಡೆ ಹಾಕಿ. ರಾತ್ರಿ ತಕ್ಕಡಿಯಲ್ಲಿ ತೂಗಿ, ಕ್ಯಾಲೆಂಡರಿನ ಮೇಲೆ ಬರೆಯಿರಿ. ಬಹುತೇಕ ಮನೆಗಳಲ್ಲಿ ತೂಕದ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ ಬರುತ್ತದೆ. ನಮ್ಮದು ಅಡುಗೆ ಮಾಡಿ ಉಣ್ಣುವ ನಾಡು, ತರಕಾರಿ ಹೆಚ್ಚಿದಷ್ಟೂ ಸಿಪ್ಪೆ. ಅದನ್ನು ಬೇರೆ ಮಾಡಿದರೆ ಮನೆಯ ಕಸದ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ, ಜೊತೆಗೆ ಉಳಿದದ್ದೆಲ್ಲ ಒದ್ದೆಯಾಗದೆ ಉಳಿಯುತ್ತದೆ.

ಹೆಜ್ಜೆ 2: ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿ

ಜಾಗ ಇಲ್ಲ ಅನ್ನುವವರಿಗೆ ಹೇಳುತ್ತೇನೆ. ಬಾಲ್ಕನಿಯ ಮೂಲೆಯಲ್ಲಿ ಎರಡು ಹಳೆಯ ಬಕೆಟ್ ಇಡುವಷ್ಟು ಜಾಗ ಸಾಕು.

20 ಲೀಟರಿನ ಬಕೆಟ್ಟಿಗೆ ಮೊಳೆ ಕಾಯಿಸಿ ಸುತ್ತಲೂ, ತಳಕ್ಕೂ ತೂತು ಮಾಡಿ. ಕೆಳಗೊಂದು ತಟ್ಟೆ ಇಡಿ. ತಳಕ್ಕೆ ತೆಂಗಿನ ನಾರು, ಅದರ ಮೇಲೆ ಎರಡು ಇಂಚು ಒಣ ಎಲೆ ಹರಡಿ. ದಿನದ ಸಿಪ್ಪೆಯನ್ನು ಸಣ್ಣದಾಗಿ ಹೆಚ್ಚಿ ಹಾಕಿ. ಅದು ಮುಚ್ಚುವಷ್ಟು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಉದುರಿಸಿ. ಮೊದಲ ವಾರ ಒಂದೆರಡು ಸಲ ಹುಳಿ ಮಜ್ಜಿಗೆ ಚಿಮುಕಿಸಿ. ಕೊಳೆಸುವ ಜೀವಾಣುಗಳು ಅದರಲ್ಲಿ ಇರುತ್ತವೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ ಗಾಳಿ ಆಡಿಸಿ. ಬಕೆಟ್ ತುಂಬಿದರೆ ಪಕ್ಕಕ್ಕಿಟ್ಟು ಎರಡನೆಯದನ್ನು ಶುರು ಮಾಡಿ. ಒಂದೂವರೆ ಎರಡು ತಿಂಗಳಲ್ಲಿ ಮೊದಲನೆಯದು ಕಪ್ಪಗೆ ಪುಡಿ ಪುಡಿ ಆಗಿರುತ್ತದೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆ ವಾಸನೆ ಬಂತು ಅಂದರೆ ಗೊಬ್ಬರ ಆಯಿತು ಅಂತಲೇ ಅರ್ಥ.

ತೊಂದರೆ ಬರುವುದು ಎರಡೇ. ಗಬ್ಬು ವಾಸನೆ ಬಂದರೆ ನೀರು ಜಾಸ್ತಿಯಾಗಿದೆ. ಒಣ ಎಲೆ ಸೇರಿಸಿ ತಿರುವಿ. ಬಿಳಿ ಹುಳು ಕಂಡರೆ ಹೆದರಬೇಡಿ. ಅವು ಕಚ್ಚುವುದಿಲ್ಲ, ಕಸವನ್ನೇ ತಿಂದು ಬೇಗ ಕರಗಿಸುತ್ತವೆ. ನೋಡಲು ಆಗದಿದ್ದರೆ ಮೇಲೆ ಒಣ ಪದರ ದಪ್ಪಗೆ ಹಾಕಿ. ಟೀ ಪುಡಿ, ಮೊಟ್ಟೆ ಚಿಪ್ಪು, ಒಣಗಿದ ಪೂಜೆ ಹೂವು ಎಲ್ಲ ಹಾಕಬಹುದು. ಮೂಳೆ, ಎಣ್ಣೆ ತುಂಬಿದ ಪಲ್ಯ ಬೇಡ. ತೆಂಗಿನ ಚಿಪ್ಪು, ಮಾವಿನ ಓಟೆ ಕರಗಲು ಬಹಳ ಕಾಲ ಹಿಡಿಯುತ್ತದೆ. ಬೆಂಗಳೂರಿನಲ್ಲಿರುವವರು ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛ ಗೃಹ ಕಲಿಕಾ ಕೇಂದ್ರಕ್ಕೆ ಹೋದರೆ ಬೇರೆ ಬೇರೆ ಬಗೆಯ ಗೊಬ್ಬರದ ಬುಟ್ಟಿಗಳನ್ನು ಕಣ್ಣಾರೆ ನೋಡಬಹುದು.

ಮನೆಯಲ್ಲಿ ಆಗುವುದೇ ಇಲ್ಲವೇ? ಹಾಗಾದರೆ ಆಟೋಗೆ ಕೊಡಿ, ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಡಬೇಡಿ. ಬುಟ್ಟಿಗೆ ಹಳೆಯ ಪೇಪರ್ ಹಾಸಿ, ಬುಟ್ಟಿಯನ್ನೇ ಆಟೋಗೆ ಸುರಿಯಿರಿ. ಕಟ್ಟಿದ ಕವರನ್ನು ಯಾರಾದರೂ ಕೈಯಿಂದ ಹರಿಯಬೇಕಾಗುತ್ತದೆ. ಹರಿಯದಿದ್ದರೆ ಅದರ ಚೂರುಗಳು ಗೊಬ್ಬರದಲ್ಲಿ ಉಳಿಯುತ್ತವೆ. ಬೇರೆ ಮಾಡಿದ ಹಸಿ ಕಸಕ್ಕೆ ನಗರದಲ್ಲಿ ದಾರಿ ಇದೆ. ಅದು ಗೊಬ್ಬರದ ಘಟಕಕ್ಕೋ, ಅನಿಲ ತೆಗೆಯುವ ಘಟಕಕ್ಕೋ ಹೋಗುತ್ತದೆ. ಕೂಡ್ಲು ಬಳಿಯ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾದದ್ದೇ 1975ರಲ್ಲಿ. ಮೈಸೂರಿನ ಕುಂಬಾರಕೊಪ್ಪಲಿನ ಘಟಕದಲ್ಲಿ ವಾರ್ಡಿನ ಕಸ ವಾರ್ಡಿನಲ್ಲೇ ಗೊಬ್ಬರವಾಗಿ ಮಾರಾಟವಾಗುತ್ತದೆ. ನೋಡಲು ಬೇರೆ ಊರುಗಳಿಂದಲೂ ಜನ ಬರುತ್ತಾರೆ.

ಹೆಜ್ಜೆ 3: ಒಣ ಕಸ ತೊಳೆಯಿರಿ, ಒಣಗಿಸಿ, ಒಂದೇ ಚೀಲಕ್ಕೆ ಹಾಕಿ

ಪ್ಲಾಸ್ಟಿಕ್, ಪೇಪರ್, ಲೋಹ ಅಂತ ಮನೆಯಲ್ಲಿ ಹತ್ತು ಡಬ್ಬ ಇಡಬೇಕಿಲ್ಲ. ಒಂದೇ ಚೀಲ ಸಾಕು. ಗಾಜು ಮಾತ್ರ ಬೇರೆ ಇರಲಿ. ಒಳಗೆ ಹೋಗುವುದು ಒಣಗಿರಬೇಕು ಅಷ್ಟೇ. ತೊಳೆಯಲು ಹೊಸ ನೀರೂ ಬೇಡ. ಅಕ್ಕಿ ತೊಳೆದ ನೀರಿನಲ್ಲಿ ಹಾಲಿನ ಪ್ಯಾಕೆಟ್ ಅದ್ದಿ ತೆಗೆದು, ಗೋಡೆಗೆ ಅಂಟಿಸಿ ಒಣಗಿಸಿ. ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಅಂಟಿಕೊಂಡೇ ಇರಲಿ. ಆ ಚಿಕ್ಕ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ.

ಚೀಲ ಮನೆಯಿಂದ ಹೊರಟ ಮೇಲೆ ಏನಾಗುತ್ತದೆ? ಅದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಬರಬೇಕು. ಈ ಕೇಂದ್ರಗಳಲ್ಲಿ ಹಲವನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಾರೆ. ಹಸಿರು ದಳದಂಥ ಸಂಸ್ಥೆಗಳು ಅವರ ಬೆನ್ನಿಗೆ ನಿಂತಿವೆ. ಅವರ ಕೈ ಬಹಳ ಚುರುಕು. ಪ್ಲಾಸ್ಟಿಕ್ ಮುಟ್ಟಿ, ಮಡಚಿ, ಸದ್ದು ಕೇಳಿಯೇ ಯಾವ ಜಾತಿ ಅಂತ ಹೇಳುತ್ತಾರೆ. ಹತ್ತಾರು ರಾಶಿ ಆಗುತ್ತದೆ, ಒಂದೊಂದಕ್ಕೆ ಒಂದೊಂದು ದರ.

ಅಲ್ಲಿಂದ ದಾರಿಗಳು ಕವಲೊಡೆಯುತ್ತವೆ. ರದ್ದಿ, ರಟ್ಟು ದೊಡ್ಡ ಗುಜರಿ ವ್ಯಾಪಾರಿಗಳ ಮೂಲಕ ಕಾಗದದ ಮಿಲ್ಲಿಗೆ ಹೋಗಿ ಮತ್ತೆ ರಟ್ಟಿನ ಪೆಟ್ಟಿಗೆಯೋ, ಮೊಟ್ಟೆಯ ಟ್ರೇಯೋ ಆಗುತ್ತವೆ. ಬೆಂಗಳೂರಿನ ಜಾಲಿ ಮೊಹಲ್ಲಾ ಈ ಗುಜರಿ ವ್ಯಾಪಾರದ ಹಳೆಯ ಜಾಗ. ಹಾಲಿನ ಪ್ಯಾಕೆಟ್, ಬಕೆಟ್, ಶಾಂಪೂ ಬಾಟಲಿಯ ಥರದ ಪ್ಲಾಸ್ಟಿಕ್ ಬಹುಪಾಲು ಮೈಸೂರು ರಸ್ತೆಯ ನಾಯಂಡಹಳ್ಳಿ ಕಡೆಗೆ ಹೋಗುತ್ತದೆ. ಅಲ್ಲಿ ಚಿಕ್ಕ ಚಿಕ್ಕ ಘಟಕಗಳು ಪ್ಲಾಸ್ಟಿಕ್ಕನ್ನು ಪುಡಿ ಮಾಡಿ, ತೊಳೆದು, ಕರಗಿಸಿ ಕಾಳಿನಂಥ ದಾಣ ಮಾಡುತ್ತವೆ. ಆ ದಾಣದಿಂದ ಪೈಪು, ಬಕೆಟ್ಟು, ಕಪ್ಪು ಕವರು ಬರುತ್ತವೆ. ನೀರಿನ ಬಾಟಲಿ ಪಾಲಿಯೆಸ್ಟರ್ ನೂಲಾಗುತ್ತದೆ. ಜ್ಯೂಸಿನ ಟೆಟ್ರಾ ಪ್ಯಾಕಿನಲ್ಲಿ ಮುಕ್ಕಾಲು ಪಾಲು ಕಾಗದವೇ. ಅದನ್ನು ಒತ್ತಿ ಹಲಗೆ, ಚಾವಣಿ ಶೀಟು ಮಾಡುತ್ತಾರೆ. ಅಲ್ಯುಮಿನಿಯಂಗೆ ಎಲ್ಲಕ್ಕಿಂತ ಮರ್ಯಾದೆ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಸುಮಾರು 95 ಶೇಕಡ ಕಡಿಮೆ ಶಕ್ತಿ ಸಾಕು. ಅದಕ್ಕೇ ತಂಪು ಪಾನೀಯದ ಡಬ್ಬಿ ಬೀದಿಯಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಚಿಪ್ಸ್, ಬಿಸ್ಕೆಟ್ ಪ್ಯಾಕೆಟ್ಟಿನ ಕಥೆ ಬೇರೆ. ಹೊಳೆಯುವ ಆ ಹಾಳೆಯಲ್ಲಿ ಬೇರೆ ಬೇರೆ ಪದರ ಅಂಟಿಕೊಂಡಿವೆ. ಬಿಡಿಸುವ ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಅದು ಒತ್ತಿ ಕಟ್ಟಿದ ಮೂಟೆಯಾಗಿ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿನ ಗೂಡಿನಲ್ಲಿ 1,400 ಡಿಗ್ರಿಗೂ ಜಾಸ್ತಿ ಶಾಖದಲ್ಲಿ ಕಲ್ಲಿದ್ದಲಿನ ಜೊತೆ ಉರಿಯುತ್ತದೆ. ಇದು ಮರುಬಳಕೆ ಅಲ್ಲ, ಸುಡುವುದೇ. ಆದರೂ ಬೀದಿ ಬದಿಯಲ್ಲಿ ಉರಿದು ನಮ್ಮ ಮಕ್ಕಳ ಮೂಗಿಗೆ ಹೊಗೆ ಆಗುವುದಕ್ಕಿಂತ ಎಷ್ಟೋ ವಾಸಿ. ಆದ್ದರಿಂದ ಅದನ್ನೂ ಒಣ ಕಸದ ಚೀಲಕ್ಕೇ ಹಾಕಿ.

ಹೆಜ್ಜೆ 4: ಕೆಂಪು ಬುಟ್ಟಿ

ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಹೇಳಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಚೀಲ ಒಣ ಕಸಕ್ಕೆ, ಕೆಂಪು ಬುಟ್ಟಿ ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜಿನಂಥದ್ದಕ್ಕೆ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಿ. ಒಡೆದ ಗಾಜು, ಬ್ಲೇಡನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಏನಿದೆ ಅಂತ ಬರೆದು ಕೈಗೇ ಕೊಡಿ. ಬ್ಯಾಟರಿ, ಟ್ಯೂಬ್‌ಲೈಟ್, ಹಳೆಯ ಚಾರ್ಜರ್‌ಗಳನ್ನು ಒಂದು ಡಬ್ಬದಲ್ಲಿ ಕೂಡಿಟ್ಟು, ತುಂಬಿದಾಗ ಇ-ಕಸ ತೆಗೆದುಕೊಳ್ಳುವಲ್ಲಿಗೆ ಒಯ್ಯಿರಿ.

ಆಟೋದವರೇ ಬೆರೆಸಿದರೆ?

ಮೊದಲು ಕೇಳಿ, ಜಗಳ ಆಡಬೇಡಿ. ಕೆಲವು ಕಡೆ ಒಣ ಕಸಕ್ಕೆ ವಾರದಲ್ಲಿ ಬೇರೆ ದಿನ, ಬೇರೆ ಗಾಡಿ ಇರುತ್ತದೆ. ತಪ್ಪು ದಿನ ಕೊಟ್ಟರೆ ಅದು ಬೆರೆಯುತ್ತದೆ. ನಮ್ಮ ಬೀದಿಯಲ್ಲಿ ಆಗುತ್ತಿದ್ದದ್ದು ಇದೇ. ದಿನ ಗೊತ್ತಾದ ಮೇಲೆ ನಾವು ಏಳು ಮನೆಯವರು ಒಣ ಕಸವನ್ನು ಆ ದಿನವೇ ಕೊಡಲು ಶುರು ಮಾಡಿದೆವು. ಗಾಡಿಯ ಹುಡುಗ ತಾನೇ ಪಕ್ಕದಲ್ಲೊಂದು ಚೀಲ ಕಟ್ಟಿಕೊಂಡ. ರಟ್ಟು, ಬಾಟಲಿ ಮಾರಿದ ಹಣ ಅವನಿಗೂ ದಿನದ ಟೀ ಖರ್ಚಿಗೆ ಆಗುತ್ತದಲ್ವಾ. ಅದಾದ ಮೇಲೂ ಬೆರೆಸುತ್ತಿದ್ದರೆ ಫೋಟೋ, ದಿನ, ಗಾಡಿ ನಂಬರ್ ಬರೆದು ವಾರ್ಡ್ ಕಚೇರಿಗೆ ಕೊಡಿ. ಒಬ್ಬರ ಬದಲು ಐದು ಮನೆಯವರು ಸಹಿ ಹಾಕಿ ಕೊಡಿ. ಅಷ್ಟರವರೆಗೆ ಒಣ ಕಸವನ್ನು ತಿಂಗಳು ಕೂಡಿಟ್ಟು ನೀವೇ ಕೇಂದ್ರಕ್ಕೋ ಗುಜರಿಗೋ ಕೊಡಬಹುದು. ಒಣಗಿದ್ದರೆ ಎಷ್ಟು ದಿನ ಇಟ್ಟರೂ ನಾರುವುದಿಲ್ಲ.

ಹೆಜ್ಜೆ 5: ಚೀಲದಲ್ಲಿ ಏನಿದೆ ಅಂತ ನೋಡಿ

ಗಾಜು, ಲೋಹವನ್ನು ಎಷ್ಟು ಸಲವಾದರೂ ಕರಗಿಸಬಹುದು. ಕಾಗದದ ನಾರು ಪ್ರತಿ ಸಲ ಗಿಡ್ಡ ಆಗುತ್ತಾ ಐದಾರು ಸಲಕ್ಕೆ ಸೋಲುತ್ತದೆ. ಪ್ಲಾಸ್ಟಿಕ್ ಇನ್ನೂ ಬೇಗ ಸೋಲುತ್ತದೆ. ಬಾಟಲಿ ನೂಲಾಗಿ ಬಟ್ಟೆ ಆದಮೇಲೆ ಮುಂದಿನ ದಾರಿ ಬಹುತೇಕ ಮುಚ್ಚಿದಂತೆಯೇ. ಹಾಗಾಗಿ ತಿಂಗಳಿಗೊಮ್ಮೆ ಒಣ ಕಸದ ಚೀಲವನ್ನು ಪೇಪರಿನ ಮೇಲೆ ಸುರಿದು ನೋಡಿ. ಮಾರಲು ಬಾರದ್ದು ಯಾವುದು ಜಾಸ್ತಿ ಇದೆಯೋ ಅದನ್ನು ಮನೆಗೆ ತರುವುದು ಕಡಿಮೆ ಮಾಡಿ.

ನಮ್ಮ ಮನೆಯಲ್ಲಿ ಜಾಸ್ತಿ ಕಂಡದ್ದು ಹೋಟೆಲ್ ಪಾರ್ಸಲಿನ ಕಪ್ಪು ಡಬ್ಬಿಗಳು ಮತ್ತು ಚಟ್ನಿಯ ಪುಟ್ಟ ಕವರುಗಳು. ಎಣ್ಣೆ ಅಂಟಿದ ಇವುಗಳಿಗೆ ಕೇಂದ್ರದಲ್ಲೂ ಬೆಲೆ ಇಲ್ಲ. ಈಗ ಭಾನುವಾರದ ಇಡ್ಲಿಗೆ ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಮೊದಲ ಸಲ ಹೋಟೆಲಿನವರು ಸ್ವಲ್ಪ ಹಿಂದೆಮುಂದೆ ನೋಡಿದರು. ಈಗ ಅವರೇ ಕೈ ಚಾಚಿ ಡಬ್ಬಿ ಇಸಿದುಕೊಳ್ಳುತ್ತಾರೆ. ಸಾಂಬಾರಿಗೆ ಮಾತ್ರ ಕ್ಲಿಪ್ ಇರುವ ಗಟ್ಟಿ ಮುಚ್ಚಳದ ಡಬ್ಬಿಯನ್ನೇ ಒಯ್ಯಿರಿ.