ಮುಂಬಯಿಯ ತೇವದಲ್ಲಿ ಏರ್ ಜೋರ್ಡನ್ 3: ಆಯ್ಕೆ ಮತ್ತು ಜೋಪಾನ

ಮಾಟುಂಗ, ಡೊಂಬಿವಲಿಗಳ ಕನ್ನಡಿಗ ಮನೆಗಳಲ್ಲಿ ಹಳೆಯ ಬಾಸ್ಕೆಟ್‌ಬಾಲ್ ಶೂ ಸಂಗ್ರಹಿಸಲು ಹೊರಟವರು ಮೊದಲು, ಆಟಗಾರ ಮೈಕೆಲ್ ಜೋರ್ಡನ್ ಹೆಸರಿನಲ್ಲಿ ನೈಕಿ ಕಂಪನಿ ತಂದ ಏರ್ ಜೋರ್ಡನ್ 3ರ ವಿನ್ಯಾಸವನ್ನು ಗುರುತಿಸಲು ಕಲಿಯಬೇಕು. ವಾಸ್ತುಶಿಲ್ಪ ಓದಿದ್ದ ಟಿಂಕರ್ ಹ್ಯಾಟ್‌ಫೀಲ್ಡ್ ರೂಪಿಸಿ 1988ರಲ್ಲಿ ಮಾರುಕಟ್ಟೆಗೆ ಬಂದ ಈ ಶೂವಿನಲ್ಲಿ ಹಿಮ್ಮಡಿಯ ಗಾಳಿಚೀಲ ಹೊರಗೆ ಕಾಣುತ್ತದೆ. ತುದಿಯಲ್ಲೂ ಹಿಂಬದಿಯಲ್ಲೂ ಆನೆಯ ಚರ್ಮದಂತಹ ಸುಕ್ಕುಗೆರೆಗಳಿವೆ. ನಾಲಿಗೆಯ ಮೇಲೆ ಜಿಗಿಯುವ ಆಟಗಾರನ ಚಿಹ್ನೆಯಿದೆ.

ಮೊದಲ ಆವೃತ್ತಿಯ ಹಿಂಬದಿಯಲ್ಲಿ ‘ನೈಕಿ ಏರ್’ ಎಂದಿದ್ದರೆ, ನಂತರದ ಅನೇಕ ಮರುಬಿಡುಗಡೆಗಳಲ್ಲಿ ಅಲ್ಲಿಯೂ ಜಿಗಿತದ ಚಿಹ್ನೆಯೇ ಇರುವುದರಿಂದ, ಸಂಗ್ರಾಹಕರು ಬೆಲೆ ಕಟ್ಟುವಾಗ ಮೊದಲು ನೋಡುವುದು ಹಿಂಬದಿಯನ್ನೇ. ಒಳಗಿನ ಚೀಟಿಯಲ್ಲಿರುವ ತಯಾರಿಕೆಯ ದಿನಾಂಕವನ್ನೂ ಪರಿಶೀಲಿಸಿರಿ.

ನಮ್ಮ ಊರಿನಲ್ಲಿ ನಿಜವಾದ ಶತ್ರು ನಕಲಿಗಿಂತ ಮಳೆಗಾಲವೆಂದೇ ನನ್ನ ಅಭಿಪ್ರಾಯ. ನಡುಅಟ್ಟೆಯ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆ ಗಾಳಿಯ ತೇವದೊಂದಿಗೆ ವರ್ತಿಸಿ ಒಳಗಿನಿಂದಲೇ ಒಡೆಯುವ ಕಾರಣ, ಒಮ್ಮೆಯೂ ತೊಡದ ಜೋಡಿ ಕೂಡ ವರ್ಷಗಳ ನಂತರ ಪುಡಿಯಾಗಬಲ್ಲದು. ಕೊಳ್ಳುವಾಗ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ, ಬಿರುಕು ಅಥವಾ ಅಂಟು ಕಂಡರೆ ಬಿಟ್ಟುಬಿಡಿ. ಮನೆಯಲ್ಲಿ ಬಿಸಿಯಾಗುವ ಅಟ್ಟದ ಮೇಲಿಡದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ತಂಪಾದ ಕಪಾಟಿನಲ್ಲಿಟ್ಟು, ಹೊಸ ಮರುಬಿಡುಗಡೆಗಳನ್ನಾದರೂ ಆಗಾಗ ತೊಟ್ಟು ನಡೆಯಿರಿ. 1988ರ ಮೂಲ ಜೋಡಿಯನ್ನು ಮಾತ್ರ ತೊಡಲೇಬೇಡಿ.