ಆಸ್ಟ್ರೇಲಿಯಾದ ಪೂರ್ವಜರ ಹೆತ್ತವರು ಯಾರೆಂದು ತಿಳಿಯದಿದ್ದಾಗ

ಆಸ್ಟ್ರೇಲಿಯಾದಲ್ಲಿ ತೀರಿಕೊಂಡ ಪೂರ್ವಜರೊಬ್ಬರ ತಂದೆತಾಯಿಯ ಹೆಸರು ತಿಳಿಯದಿದ್ದರೆ, ಜನನ ದಾಖಲೆಯನ್ನು ಹುಡುಕುವ ಮೊದಲು ಅವರ ಮರಣ ಮತ್ತು ವಿವಾಹದ ಪ್ರಮಾಣಪತ್ರಗಳನ್ನು ತರಿಸಿಕೊಳ್ಳುವುದು ಒಳಿತು. ವಿಕ್ಟೋರಿಯಾದಲ್ಲಿ 1853ರಿಂದ, ನ್ಯೂ ಸೌತ್ ವೇಲ್ಸ್‌ನಲ್ಲಿ 1856ರಿಂದ ಆರಂಭವಾದ ಸರ್ಕಾರಿ ನೋಂದಣಿಯ ಮರಣಪತ್ರದಲ್ಲಿ ತಂದೆಯ ಹೆಸರು, ಕಸುಬು, ತಾಯಿಯ ಮದುವೆಗೆ ಮುಂಚಿನ ಮನೆತನದ ಹೆಸರು, ಹುಟ್ಟೂರು, ವಸಾಹತಿನಲ್ಲಿ ಕಳೆದ ವರ್ಷಗಳು ಇವೆಲ್ಲಕ್ಕೂ ಅಂಕಣಗಳಿದ್ದವು. ಆದರೆ 19ನೇ ಶತಮಾನದ ದಕ್ಷಿಣ ಆಸ್ಟ್ರೇಲಿಯಾದ ಮರಣಪತ್ರದಲ್ಲಿ ಹೆತ್ತವರ ಅಂಕಣವೇ ಇರಲಿಲ್ಲ.

ಈ ವಿವರಗಳನ್ನು ಬರೆಸಿದವರು ಮೃತರಲ್ಲವಾದ್ದರಿಂದ (ಇದು ಮರೆತುಹೋಗುವುದೇ ಹೆಚ್ಚು), ಮಾಹಿತಿದಾರರ ಅಂಕಣವನ್ನು ಮೊದಲು ಓದಬೇಕು. ಮಗಳು ಬರೆಸಿದ ಅಜ್ಜಿಯ ಹೆಸರಿಗೆ ಬೆಲೆಯಿದೆ. ಆಸ್ಪತ್ರೆಯ ಗುಮಾಸ್ತ ‘ತಿಳಿದಿಲ್ಲ’ ಎಂದು ಬರೆಸಿದ್ದರೆ, ಅವನಿಗೆ ಗೊತ್ತಿರಲಿಲ್ಲವೆಂದಷ್ಟೇ ಅರ್ಥ. ವಿವಾಹಪತ್ರದ ವಿವರವನ್ನು ಸಾಮಾನ್ಯವಾಗಿ ವಧೂವರರೇ ಕೊಟ್ಟಿರುವುದರಿಂದ ಅದಕ್ಕೆ ಹೆಚ್ಚಿನ ತೂಕವಿದೆಯಾದರೂ, ಅವಿವಾಹಿತ ತಾಯಿಗೆ ಹುಟ್ಟಿದವರು ಮರ್ಯಾದೆಗಂಜಿ ಇಲ್ಲದ ತಂದೆಯೊಬ್ಬನನ್ನು ಸೃಷ್ಟಿಸಿರುವುದೂ ಉಂಟು.

ಅಲ್ಲೂ ದಾರಿ ಕಾಣದಿದ್ದರೆ ಒಡಹುಟ್ಟಿದವರ ಮರಣಪತ್ರಗಳನ್ನು ತರಿಸಿ ಹೋಲಿಸಬೇಕು. ಆ ಒಡಹುಟ್ಟಿದವರು ಯಾರೆಂಬುದು ಬಹಳ ಸಲ ಸಿಗುವುದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣದಲ್ಲಿ. ಅಲ್ಲಿ ಉಚಿತವಾಗಿ ಓದಬಹುದಾದ ಹಳೆಯ ಪತ್ರಿಕೆಗಳ ಶವಸಂಸ್ಕಾರದ ಪ್ರಕಟಣೆಗಳಲ್ಲಿ ‘ಇಂಥವರ ಸಹೋದರ’ ಎಂಬ ಒಂದೇ ಸಾಲು ಸಾಕಾಗುತ್ತದೆ.